ಟೊರೆಂಟ್ ತಂತ್ರಾಂಶದ ಎನ್‌ಕ್ರಿಪ್ಷನ್: ‘ಅಲೋ’ ಸಾಕೇ, ‘ರಿಕ್ವೈರ್’ ಬೇಕೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಬೇಕೆಂದು ಅದರ ಡಿವಿಡಿ ಇಮೇಜನ್ನು ಕ್ಯೂಬಿಟ್‌ಟೊರೆಂಟ್ ಎಂಬ ಟೊರೆಂಟ್ ತಂತ್ರಾಂಶದಲ್ಲಿ ಇಳಿಸಿಕೊಳ್ಳುತ್ತಿದ್ದೇನೆ. ಆಯ್ಕೆಗಳ ಪುಟದಲ್ಲಿ ಬಿಟ್‌ಟೊರೆಂಟ್ ವಿಭಾಗದ ಕೆಳಗೆ ‘ಎನ್‌ಕ್ರಿಪ್ಷನ್ ಮೋಡ್’ ಎಂದಿದೆ, ಅಂದರೆ ಸಂಪರ್ಕವನ್ನು ಗೂಢಲಿಪಿಯಲ್ಲಿ ನಡೆಸುವ ಆಯ್ಕೆ. ಅಲೋ (ಆದರೆ ಆಗಲಿ), ರಿಕ್ವೈರ್ (ಆಗಲೇಬೇಕು), ಡಿಸೇಬಲ್ (ಬೇಡ) ಎಂದು ಮೂರು ಆಯ್ಕೆಗಳು. ಮೊದಲಿನಿಂದಲೂ ಅಲೋ ಇತ್ತು.

ನಮ್ಮ ಭಾವ ಮನೆಗೆ ಬಂದವರು ಅದನ್ನು ನೋಡಿ, “ರಿಕ್ವೈರ್ ಮಾಡು, ಆಮೇಲೆ ನೀನು ಏನು ಇಳಿಸುತ್ತೀಯ ಎಂದು ಇಂಟರ್ನೆಟ್ ಕಂಪನಿಯವರಿಗೂ ಗೊತ್ತಾಗುವುದಿಲ್ಲ, ಬೇರೆ ಯಾರಿಗೂ ಗೊತ್ತಾಗುವುದಿಲ್ಲ” ಎಂದರು. ಹಾಗೆಯೇ ಮಾಡಿದೆ. ಪಿಯರ್‌ಗಳ, ಅಂದರೆ ಅದೇ ಕಡತವನ್ನು ಹಂಚಿಕೊಳ್ಳುತ್ತಿರುವ ಇತರರ, ಪಟ್ಟಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮತ್ತೆ ಅಲೋ ಮಾಡಿದರೆ ಮೊದಲಿನಂತಾಯಿತು.

ಈ ಆಯ್ಕೆ ನಿಜವಾಗಿ ಯಾವುದನ್ನು ಯಾರಿಂದ ಮುಚ್ಚಿಡುತ್ತದೆ? ಅಂತರ್ಜಾಲದಲ್ಲಿ ಒಬ್ಬೊಬ್ಬರು ಒಂದೊಂದು ಬರೆದಿದ್ದಾರೆ. ಇನ್ನೊಂದು ಮಾತು, ಎಷ್ಟೇ ಹೊತ್ತು ತೆರೆದಿಟ್ಟರೂ ನನ್ನಿಂದ ಅಪ್‌ಲೋಡ್ ಆಗುವುದು ಬಹಳ ಕಡಿಮೆ. ಅದಕ್ಕೂ ಎನ್‌ಕ್ರಿಪ್ಷನ್‌ಗೂ ಸಂಬಂಧವಿದೆಯೇ?

ಬೆಣ್ಣೆದೋಸೆ

ಡೆಬಿಯನ್ ಇಳಿಸಲು ಇಷ್ಟು ಗುಟ್ಟೇಕೆ ಸ್ವಾಮಿ?

ತುಂಗಾತೀರ

ಗುಟ್ಟಿಗಾಗಿ ಅಲ್ಲ, ತಿಳಿದುಕೊಳ್ಳಲು ಕೇಳಿದೆ. ಭಾವನ ಎದುರು ಉತ್ತರ ಕೊಡಬೇಕಲ್ಲ.

ಪ್ಯಾಕೆಟ್_ಪರಮೇಶಿ

ಭಾವನವರ ಮಾತಿನಲ್ಲಿ ಮೊದಲರ್ಧ ಕಾಲುಭಾಗ ಸರಿ, ಎರಡನೆಯರ್ಧ ಪೂರ್ತಿ ತಪ್ಪು.

ಎನ್‌ಕ್ರಿಪ್ಷನ್ ಇಲ್ಲದ ಬಿಟ್‌ಟೊರೆಂಟ್ ಸಂಪರ್ಕ ಹೇಗೆ ಆರಂಭವಾಗುತ್ತದೆ ನೋಡಿ. ಮೊದಲ ಬೈಟ್ 19 ಎಂಬ ಸಂಖ್ಯೆ. ಅದರ ಹಿಂದೆಯೇ ಹತ್ತೊಂಬತ್ತು ಅಕ್ಷರಗಳಲ್ಲಿ ‘ಬಿಟ್‌ಟೊರೆಂಟ್ ಪ್ರೋಟೋಕಾಲ್’ ಎಂದು ಬಯಲಾಗಿ ಬರೆದಿರುತ್ತದೆ. ಆಮೇಲೆ ಎಂಟು ಮೀಸಲು ಬೈಟ್‌ಗಳು, ನಂತರ 20 ಬೈಟ್‌ಗಳ ಇನ್ಫೋಹ್ಯಾಶ್, ಅಂದರೆ ಯಾವ ಟೊರೆಂಟ್ ಎಂಬುದರ ಗುರುತು, ಕೊನೆಗೆ 20 ಬೈಟ್‌ಗಳ ಪಿಯರ್ ಐಡಿ. ನಡುವೆ ಕುಳಿತ ಯಂತ್ರ ಈ ಆರಂಭದ ಸಾಲನ್ನು ಹುಡುಕಿದರೆ ಸಾಕು, ಇದು ಟೊರೆಂಟ್ ಎಂದು ಗೊತ್ತಾಗಿಬಿಡುತ್ತದೆ. 2005ರ ಹೊತ್ತಿಗೆ ಹಲವು ದೇಶಗಳ ಇಂಟರ್ನೆಟ್ ಕಂಪನಿಗಳು ಹೀಗೆ ಪತ್ತೆಹಚ್ಚಿ ವೇಗ ಇಳಿಸತೊಡಗಿದ್ದವು. ಅದನ್ನು ತಪ್ಪಿಸಲು ಬಂದದ್ದೇ ಈ ವ್ಯವಸ್ಥೆ. ಆಗಿನ ಅಜ಼್ಯೂರಸ್, ಮ್ಯೂಟೊರೆಂಟ್ ಮುಂತಾದ ತಂತ್ರಾಂಶಗಳ ಕಡೆಯವರು 2006ರ ಆರಂಭದಲ್ಲಿ ಇದನ್ನು ಒಂದು ಹದಕ್ಕೆ ತಂದರು. ಹೆಸರು ಮೆಸೇಜ್ ಸ್ಟ್ರೀಮ್ ಎನ್‌ಕ್ರಿಪ್ಷನ್.

ಕೆಲಸ ಮಾಡುವುದು ಹೀಗೆ. ಎರಡು ಕಡೆಯವರೂ ಡಿಫಿ-ಹೆಲ್ಮನ್ ವಿಧಾನದಲ್ಲಿ ಒಂದು ಗುಪ್ತಸಂಖ್ಯೆಯನ್ನು ಒಪ್ಪಿಕೊಳ್ಳುತ್ತಾರೆ. ಅದಕ್ಕೆ ಇನ್ಫೋಹ್ಯಾಶ್ ಸೇರಿಸಿ ಕೀಲಿ ತಯಾರಿಸುತ್ತಾರೆ. ಆ ಕೀಲಿಯಿಂದ ಆರ್‌ಸಿ4 ಎಂಬ ಸೈಫರ್ (ಗೂಢಲಿಪಿ ವಿಧಾನ) ನಡೆಸುತ್ತಾರೆ. ಆರ್‌ಸಿ4 ಹೊರಹಾಕುವ ಮೊದಲ 1024 ಬೈಟ್‌ಗಳಲ್ಲಿ ದೌರ್ಬಲ್ಯ ಇರುವುದರಿಂದ ಅವನ್ನು ಬಳಸದೆ ಎಸೆಯುತ್ತಾರೆ. ಪ್ಯಾಕೆಟ್‌ಗಳ ಅಳತೆಯಿಂದ ಗುರುತು ಸಿಗಬಾರದೆಂದು 512 ಬೈಟ್‌ಗಳವರೆಗೆ ಅರ್ಥವಿಲ್ಲದ ತುಂಬುವಿಕೆಯನ್ನೂ ಸೇರಿಸುತ್ತಾರೆ. ಇಷ್ಟೆಲ್ಲ ಮಾಡುವುದು ನಡುವಿನ ಯಂತ್ರದ ಕಣ್ಣಿಗೆ ಮಣ್ಣೆರಚಲು. ನಿಮ್ಮ ಗುರುತು ಮರೆಸಲು ಅಲ್ಲ.

ಕಡಲತಡಿ

ಇನ್ನೂ ಚಿಕ್ಕದಾಗಿ ಹೇಳುತ್ತೇನೆ. ಇದು ಮುಸುಕು ಹಾಕಿಕೊಂಡು ಸಂತೆಗೆ ಹೋಗಿ, ಅಂಗಡಿಯವನಿಗೆ ಮನೆಯ ವಿಳಾಸ ಬರೆದುಕೊಟ್ಟು ಬಂದ ಹಾಗೆ. ದಾರಿಯಲ್ಲಿ ನಿಂತವನಿಗೆ ಮುಖ ಕಾಣಲಿಲ್ಲ. ಆದರೆ ಸಂತೆಯಲ್ಲಿದ್ದ ಪ್ರತಿಯೊಬ್ಬರಿಗೂ ನಿಮ್ಮ ಐಪಿ ವಿಳಾಸ ಸಿಕ್ಕಿತು.

ತುಂಗಾತೀರ

ಹಾಗಾದರೆ ಅದೇ ಟೊರೆಂಟ್‌ನಲ್ಲಿರುವ ಯಾರು ಬೇಕಾದರೂ ನನ್ನ ಐಪಿ ನೋಡಬಹುದೇ?

ಕಡಲತಡಿ

ನೋಡಬಹುದು. ನೀವೇ ನೋಡಿ, ‘ಪಿಯರ್ಸ್’ ಟ್ಯಾಬ್ ತೆರೆದರೆ ಸಾಲುಸಾಲಾಗಿ ಅವರ ಐಪಿ ಇದೆಯಲ್ಲ? ಅವರ ಪಟ್ಟಿಯಲ್ಲಿ ನಿಮ್ಮದೂ ಹಾಗೆಯೇ ಇರುತ್ತದೆ. ವಿಳಾಸ ಗೊತ್ತಿಲ್ಲದೆ ಕಡತದ ಚೂರುಗಳನ್ನು ಯಾರಿಗೆ ಕಳಿಸುವುದು?

ಸ್ಟುಟ್‌ಗಾರ್ಟ್_ಕನ್ನಡಿಗ

ಇದಕ್ಕೆ ಇಲ್ಲಿ ನಡೆದದ್ದನ್ನು ಸೇರಿಸುತ್ತೇನೆ. ಜರ್ಮನಿಯಲ್ಲಿ ಹಕ್ಕುಸ್ವಾಮ್ಯದವರ ಪರವಾಗಿ ವಕೀಲರ ಕಚೇರಿಗಳು ಎಚ್ಚರಿಕೆ ಪತ್ರ ಕಳಿಸುವುದು ಬಹಳ ಹಿಂದಿನಿಂದ ನಡೆದುಬಂದಿದೆ, ಇಲ್ಲಿ ಅದಕ್ಕೆ ಆಬ್‌ಮಾನುಂಗ್ ಎನ್ನುತ್ತಾರೆ. ಅವರ ಪರವಾಗಿ ಕೆಲಸ ಮಾಡುವವರು ಇಂಟರ್ನೆಟ್ ಕಂಪನಿಯ ತಂತಿಗೆ ಕಿವಿಯಿಡುವುದಿಲ್ಲ. ತಾವೂ ಒಬ್ಬ ಪಿಯರ್ ಆಗಿ ಟೊರೆಂಟ್‌ಗೆ ಸೇರುತ್ತಾರೆ, ಯಾವ ಐಪಿ, ಎಷ್ಟು ಗಂಟೆ, ಯಾವ ಕಡತ ಎಂದು ಬರೆದಿಟ್ಟುಕೊಳ್ಳುತ್ತಾರೆ, ನ್ಯಾಯಾಲಯದ ಆದೇಶ ತಂದು ಆ ಐಪಿ ಯಾರ ಮನೆಯದು ಎಂದು ತಿಳಿದುಕೊಳ್ಳುತ್ತಾರೆ.

ನನ್ನ ಜೊತೆ ಮನೆ ಹಂಚಿಕೊಂಡಿದ್ದ ಹುಡುಗ ಬೆಂಗಳೂರಿನಿಂದ ಓದಲು ಬಂದವನು. ಬಂದ ಹೊಸತರಲ್ಲಿ ಒಂದು ಹೊಸ ಸಿನಿಮಾ ಇಳಿಸಿದ. ರಿಕ್ವೈರ್ ಎನ್‌ಕ್ರಿಪ್ಷನ್ ಇತ್ತು, ಹೆಮ್ಮೆಯಿಂದ ನನಗೆ ತೋರಿಸಿಯೂ ಇದ್ದ. ಕೆಲವು ವಾರಗಳ ನಂತರ ದಪ್ಪ ಲಕೋಟೆ ಬಂತು, ನೂರಾರು ಯೂರೋ ಕೇಳಿ. ಅದರಲ್ಲಿ ದಿನಾಂಕ, ಸಮಯ, ಸಿನಿಮಾದ ಹೆಸರು ಎಲ್ಲವೂ ಅಚ್ಚುಕಟ್ಟಾಗಿತ್ತು. ಪತ್ರ ಬರೆಸಿದವರ ಯಂತ್ರದ ಜೊತೆಗೆ ಅವನ ಯಂತ್ರ ಗೂಢಲಿಪಿಯಲ್ಲೇ ಮಾತನಾಡಿತ್ತು ಎನ್ನುವುದಷ್ಟೇ ಅವನಿಗೆ ಸಮಾಧಾನ.

ಬೆಣ್ಣೆದೋಸೆ

ಕೊನೆಯ ಸಾಲಿಗೆ ನಗು ತಡೆಯಲಾಗಲಿಲ್ಲ.

ಗಿರ್ಮಿಟ್

ಎಲ್ಲರೂ ಸೇರಿ ರಿಕ್ವೈರ್ ಆಯ್ಕೆಯನ್ನು ದಂಡಕ್ಕೆ ಎನ್ನುವಂತೆ ಮಾತನಾಡುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ನಡುವಿನವನು ನೋಡಬಾರದು ಎನ್ನುವುದು ಕಡಿಮೆ ವಿಷಯವೇ? ವೆಬ್‌ಸೈಟ್‌ಗಳೆಲ್ಲ ಗೂಢಲಿಪಿಯ ಎಚ್‌ಟಿಟಿಪಿಎಸ್‌ಗೆ ಹೋದಾಗಲೂ ಇದೇ ಮಾತು ಕೇಳಿಬಂದಿತ್ತು, “ಸುದ್ದಿ ಓದುವುದಕ್ಕೆ ಏಕೆ ಗುಟ್ಟು” ಎಂದು. ಈಗ ಯಾರೂ ಕೇಳುವುದಿಲ್ಲ. ಎಲ್ಲರೂ ರಿಕ್ವೈರ್ ಇಟ್ಟರೆ ಹಳೆಯ ತಂತ್ರಾಂಶದವರೂ ದಾರಿಗೆ ಬರುತ್ತಾರೆ. ಅಲೋ ಇಟ್ಟುಕೊಂಡು ಕೂತರೆ ಇನ್ನೂ ಇಪ್ಪತ್ತು ವರ್ಷ ಹೀಗೆಯೇ.

ಪ್ಯಾಕೆಟ್_ಪರಮೇಶಿ

ಗಿರ್ಮಿಟ್ ಅವರೇ, ಎಚ್‌ಟಿಟಿಪಿಎಸ್ ಜೊತೆಗೆ ಇದನ್ನು ಒಂದೇ ತಕ್ಕಡಿಗೆ ಹಾಕಬೇಡಿ. ಅಲ್ಲಿ ಪ್ರಮಾಣಪತ್ರ ಇದೆ, ಎದುರಿಗಿರುವವನು ಯಾರೆಂದು ಖಚಿತವಾಗುತ್ತದೆ. ಇಲ್ಲಿ ಅಂಥ ಯಾವ ಪರೀಕ್ಷೆಯೂ ಇಲ್ಲ. ಇನ್ಫೋಹ್ಯಾಶ್ ಗೊತ್ತಿರುವ ಯಾರು ಬೇಕಾದರೂ ಸಂಪರ್ಕಿಸಬಹುದು, ನಡುವೆ ನಿಂತು ಎರಡೂ ಕಡೆಗೆ ನಟಿಸಲೂಬಹುದು. ಆ ಆರ್‌ಸಿ4 ಸೈಫರ್ ಅನ್ನು ಎಚ್‌ಟಿಟಿಪಿಎಸ್‌ನ ಹಿಂದಿರುವ ಟಿಎಲ್‌ಎಸ್ ಎಂಬ ಗೂಢಲಿಪಿ ವ್ಯವಸ್ಥೆಯಿಂದ 2015ರ ಫೆಬ್ರವರಿಯಲ್ಲೇ ಬಹಿಷ್ಕರಿಸಿದ್ದಾರೆ. ಡಿಫಿ-ಹೆಲ್ಮನ್‌ಗೆ ಬಳಸಿರುವ ಸಂಖ್ಯೆ 768 ಬಿಟ್‌ನದು, ಇಂದಿನ ಲೆಕ್ಕದಲ್ಲಿ ಚಿಕ್ಕದು. ಇದನ್ನು ರೂಪಿಸಿದವರಿಗೆ ಬೇಕಾಗಿದ್ದದ್ದು ಹಗುರವಾದ, ಪ್ರೊಸೆಸರ್‌ಗೆ ಹೊರೆಯಾಗದ ಮರೆ. ಅವರು ಕಟ್ಟಿದ್ದೂ ಅದನ್ನೇ.

ಹ್ಯಾಂಡ್‌ಶೇಕ್, ಅಂದರೆ ಸಂಪರ್ಕದ ಆರಂಭದ ಆ ಮಾತುಕತೆ, ಗೂಢವಾದರೂ ಸುತ್ತಮುತ್ತಲಿನದು ಬಯಲು. ಪಿಯರ್‌ಗಳ ಪಟ್ಟಿ ಕೊಡುವ ಸರ್ವರ್‌ಗೆ, ಅಂದರೆ ಎಚ್‌ಟಿಟಿಪಿ ಟ್ರ್ಯಾಕರ್‌ಗೆ, ನೀವು ಕಳಿಸುವ ಕೋರಿಕೆಯಲ್ಲಿ ಇನ್ಫೋಹ್ಯಾಶ್ ಹಾಗೆಯೇ ಇರುತ್ತದೆ. ಯುಡಿಪಿ ಟ್ರ್ಯಾಕರ್‌ಗೂ ಗೂಢಲಿಪಿ ಇಲ್ಲ. ಟ್ರ್ಯಾಕರ್ ಇಲ್ಲದೆ ಪಿಯರ್‌ಗಳೇ ಒಬ್ಬರನ್ನೊಬ್ಬರು ಹುಡುಕುವ ಡಿಎಚ್‌ಟಿ ಸಂದೇಶಗಳಿಗೂ ಇಲ್ಲ. ‘ರಿಕ್ವೈರ್’ ಎಂದು ಒತ್ತಿದರೆ ಇವುಗಳಲ್ಲಿ ಒಂದೂ ಬದಲಾಗುವುದಿಲ್ಲ. ಕಂಪನಿ ನಿಜಕ್ಕೂ ತಿಳಿಯಬೇಕೆಂದು ಹೊರಟರೆ ಅಲ್ಲಿಯೇ ತಿಳಿಯುತ್ತದೆ.

ಗಿರ್ಮಿಟ್

ಬಾಗಿಲು ಹಳೆಯದು ಎಂದು ಚಿಲಕವನ್ನೇ ಹಾಕಬೇಡ ಎನ್ನುತ್ತೀರಿ.

ಪ್ಯಾಕೆಟ್_ಪರಮೇಶಿ

ಹಾಕಬೇಡಿ ಎನ್ನಲಿಲ್ಲ. ಅಲೋ ಇದ್ದರೂ ಚಿಲಕ ಬೀಳುತ್ತದೆ ಎನ್ನುತ್ತಿದ್ದೇನೆ. ಕ್ಯೂಬಿಟ್‌ಟೊರೆಂಟ್ ಬಳಸುವುದು ಲಿಬ್‌ಟೊರೆಂಟ್ ಎಂಬ ಗ್ರಂಥಾಲಯವನ್ನು. ಅದರಲ್ಲಿ ಅಲೋ ಎಂದರೆ, ಹೊರಹೋಗುವ ಸಂಪರ್ಕವನ್ನು ಮೊದಲು ಗೂಢವಾಗಿ ಪ್ರಯತ್ನಿಸು, ಆಗದಿದ್ದರೆ ಬಯಲಾಗಿ ಮಾಡು. ಒಳಬರುವುದು ಹೇಗೆ ಬಂದರೂ ಸ್ವೀಕರಿಸು. ರಿಕ್ವೈರ್ ಎಂದರೆ ಗೂಢವಲ್ಲದ್ದನ್ನು ಎರಡೂ ಕಡೆ ತಿರಸ್ಕರಿಸು. ವ್ಯತ್ಯಾಸ ಅಷ್ಟೇ. ತುಂಗಾತೀರ ಅವರ ಪಟ್ಟಿಯಿಂದ ಮಾಯವಾದವರು ಎನ್‌ಕ್ರಿಪ್ಷನ್ ನಿಲ್ಲಿಸಿದವರು ಅಥವಾ ಅದು ಬಾರದ ತಂತ್ರಾಂಶದವರು.

ಮಲ್ಲಿಗೆಮೊಗ್ಗು

ಯಾರಾದರೂ ಇದನ್ನು ಕಣ್ಣಿಂದ ನೋಡಬೇಕೆಂದರೆ, ಪಿಯರ್ಸ್ ಟ್ಯಾಬ್‌ನಲ್ಲಿ ‘ಫ್ಲ್ಯಾಗ್ಸ್’ ಎಂಬ ಅಂಕಣ ಇದೆ. ಅಲ್ಲಿ ಇಂಗ್ಲಿಷಿನ ದೊಡ್ಡಕ್ಷರದ ‘ಇ’ ಇದ್ದರೆ ಸಂಚಾರವೆಲ್ಲ ಗೂಢ. ಸಣ್ಣಕ್ಷರದ ‘ಇ’ ಇದ್ದರೆ ಹ್ಯಾಂಡ್‌ಶೇಕ್ ಮಾತ್ರ ಗೂಢ. ‘ಎಚ್’ ಇದ್ದರೆ ಆ ಪಿಯರ್ ಡಿಎಚ್‌ಟಿಯಿಂದ ಸಿಕ್ಕಿದ್ದು, ‘ಎಕ್ಸ್’ ಇದ್ದರೆ ಇನ್ನೊಬ್ಬ ಪಿಯರ್ ಹೇಳಿದ್ದು, ‘ಪಿ’ ಇದ್ದರೆ ಮ್ಯೂಟಿಪಿ ಎಂಬ ಬಿಟ್‌ಟೊರೆಂಟ್‌ನದೇ ಸಾಗಣೆ ವಿಧಾನದ ಸಂಪರ್ಕ. ಅಕ್ಷರಗಳ ಮೇಲೆ ಮೌಸ್ ಇಟ್ಟರೆ ಅರ್ಥವನ್ನೂ ತೋರಿಸುತ್ತದೆ. ಅಲೋ ಇಟ್ಟುಕೊಂಡೇ ನೋಡಿ, ದೊಡ್ಡ ‘ಇ’ಗಳು ಸಾಕಷ್ಟು ಕಾಣುತ್ತವೆ.

ತುಂಗಾತೀರ ಅವರೇ, ಅದೇ ಅಂಕಣದಲ್ಲಿ ದೊಡ್ಡಕ್ಷರದ ‘ಐ’ ಎಲ್ಲಾದರೂ ಇದೆಯೇ ನೋಡಿ ಹೇಳಿ. ಅದು ಹೊರಗಿನಿಂದ ನಿಮ್ಮ ಕಡೆಗೆ ಬಂದ ಸಂಪರ್ಕದ ಗುರುತು.

ತುಂಗಾತೀರ

ಎಲ್ಲ ಸಾಲುಗಳನ್ನೂ ನೋಡಿದೆ ಮೇಡಂ. ‘ಇ’ ಧಾರಾಳವಾಗಿದೆ, ‘ಐ’ ಒಂದೂ ಇಲ್ಲ.

ಮಲ್ಲಿಗೆಮೊಗ್ಗು

ಹಾಗಾದರೆ ನಿಮ್ಮ ಅಪ್‌ಲೋಡ್ ಸಮಸ್ಯೆ ಅಲ್ಲೇ ಇದೆ, ಎನ್‌ಕ್ರಿಪ್ಷನ್‌ನಲ್ಲಿ ಅಲ್ಲ. ರೌಟರ್‌ನ ಪುಟ ತೆರೆದು ‘ವ್ಯಾನ್ ಐಪಿ’ (ಕಂಪನಿ ರೌಟರ್‌ಗೆ ಕೊಟ್ಟ ವಿಳಾಸ) ಏನಿದೆ ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ಸಾರ್ವಜನಿಕ ಐಪಿಯನ್ನು ಕಂಪನಿ ಅನೇಕ ಮನೆಗಳಿಗೆ ಹಂಚಿರುತ್ತದೆ. ಐಪಿವಿ4 ವಿಳಾಸಗಳ ಕೊರತೆಗಾಗಿ 2012ರಲ್ಲಿ ಈ ಸಾಲನ್ನೇ ಅದಕ್ಕೆಂದು ಮೀಸಲಿಟ್ಟರು. ನಮ್ಮಲ್ಲಿ ಮನೆಯ ಬ್ರಾಡ್‌ಬ್ಯಾಂಡ್‌ಗೆ ಇದು ಸಾಮಾನ್ಯ. ಹೊರಗಿನವರು ನಿಮ್ಮ ಬಾಗಿಲು ತಟ್ಟುವಂತಿಲ್ಲ, ನೀವು ಹೊರಗೆ ಹೋಗಿ ಮಾತನಾಡಿಸಿದವರ ಜೊತೆ ಮಾತ್ರ ವ್ಯವಹಾರ. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ, ಅಂದರೆ ಹೊರಗಿನವರಿಗೆ ದಾರಿ ತೆರೆದರೂ, ಪ್ರಯೋಜನವಿಲ್ಲ, ಏಕೆಂದರೆ ಮೇಲಿನ ಗೋಡೆ ಕಂಪನಿಯದು.

ಉಪಾಯ ಎರಡಿವೆ. ಹೆಚ್ಚಿನ ಹಣ ಕೊಟ್ಟು ಸ್ಥಿರ ಐಪಿ ಪಡೆಯುವುದು, ಅಥವಾ ಕಂಪನಿ ವಿಳಾಸಗಳ ಕೊರತೆಯಿಲ್ಲದ ಹೊಸ ಐಪಿವಿ6 ಕೊಡುತ್ತಿದ್ದರೆ ಅದನ್ನು ರೌಟರ್‌ನಲ್ಲಿ ಚಾಲೂ ಮಾಡಿ ಫೈರ್‌ವಾಲ್‌ನಲ್ಲಿ ಪೋರ್ಟ್ ತೆರೆಯುವುದು. ಎರಡನೆಯದಕ್ಕೆ ದುಡ್ಡಿಲ್ಲ.

ತುಂಗಾತೀರ

100.72 ಎಂದು ಆರಂಭವಾಗುತ್ತದೆ! ಗ್ರಾಹಕ ಸೇವೆಯವರಿಗೆ ಕರೆ ಮಾಡಿದೆ. “ರೌಟರ್ ಆಫ್ ಮಾಡಿ ಆನ್ ಮಾಡಿ ಸರ್” ಎಂದರು.

ಹಳೆಯ_ಹುಲಿ

ಗಿರ್ಮಿಟ್ ಅವರಿಗೂ ಪರಮೇಶಿ ಅವರಿಗೂ ಒಂದು ಹಳೆಯ ಕಥೆ. 2007ರಲ್ಲಿ ಅಮೆರಿಕದಲ್ಲಿ ರಾಬ್ ಟೊಪೋಲ್ಸ್ಕಿ ಎಂಬವರು ತಮ್ಮ ಸಂಗ್ರಹದ ಹಳೆಯ ‘ಬಾರ್ಬರ್‌ಶಾಪ್’ ಗಾಯನದ ಧ್ವನಿಮುದ್ರಣಗಳನ್ನು ಹಂಚಲು ಹೋದರೆ ಅಪ್‌ಲೋಡ್ ಆಗುತ್ತಲೇ ಇರಲಿಲ್ಲ. ಅವರು ನೆಟ್‌ವರ್ಕ್ ಬಲ್ಲವರು, ಪ್ಯಾಕೆಟ್‌ಗಳನ್ನು ಹಿಡಿದು ನೋಡಿದರು. ಅವರ ಇಂಟರ್ನೆಟ್ ಕಂಪನಿ ಕಾಮ್‌ಕಾಸ್ಟ್ ನಡುವೆ ಕುಳಿತು ಎರಡೂ ಕಡೆಗೆ “ಸಂಪರ್ಕ ಮುಗಿಯಿತು” ಎನ್ನುವ ನಕಲಿ ಟಿಸಿಪಿ ರೀಸೆಟ್ ಪ್ಯಾಕೆಟ್ ಕಳಿಸುತ್ತಿತ್ತು. ಅದೇ ಅಕ್ಟೋಬರ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್‌ನವರು ಬೈಬಲ್‌ನ ಕಡತ ಹಂಚಿ ಪರೀಕ್ಷೆ ಮಾಡಿದರು. ಅದಕ್ಕೂ ಅದೇ ಗತಿ. ಬೈಬಲ್‌ಗೆ ಹಕ್ಕುಸ್ವಾಮ್ಯದ ನೆಪ ಹೇಳಲು ಬರುತ್ತದೆಯೇ? 2008ರ ಆಗಸ್ಟ್‌ನಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ, ಕಂಪನಿಯ ವಿರುದ್ಧ ಆದೇಶ ಮಾಡಿತು, 2010ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತು. ಎಲ್ಲ ಸಂಚಾರವನ್ನೂ ಸಮಾನವಾಗಿ ಕಾಣಬೇಕೆನ್ನುವ ನೆಟ್ ನ್ಯೂಟ್ರಾಲಿಟಿ ಗಲಾಟೆಯೆಲ್ಲ ಕಾವೇರಿದ್ದು ಆ ಹಿನ್ನೆಲೆಯಲ್ಲಿ.

ಇಲ್ಲಿ ಗಮನಿಸಬೇಕಾದದ್ದು, ಟೊರೆಂಟ್ ಎನ್‌ಕ್ರಿಪ್ಷನ್ ಮುಚ್ಚುವುದು ಟಿಸಿಪಿಯ ಒಳಗಿನದನ್ನು. ಲಕೋಟೆಯ ಮೇಲಿನ ಬರಹದಂತಿರುವ ಟಿಸಿಪಿ ಹೆಡರ್ ಬಯಲಲ್ಲೇ ಇರುತ್ತದೆ. ಒಮ್ಮೆ ಗುರುತು ಹಿಡಿದರೆ ನಕಲಿ ರೀಸೆಟ್ ಕಳಿಸುವುದನ್ನು ಇದು ತಡೆಯಲಾರದು. ಅಂದಹಾಗೆ, ಬಿಟ್‌ಟೊರೆಂಟ್ ಸೃಷ್ಟಿಸಿದ ಬ್ರಾಮ್ ಕೋಹೆನ್ ಅವರೇ 2006ರಲ್ಲಿ ಈ ಎನ್‌ಕ್ರಿಪ್ಷನ್ ಯೋಜನೆಯನ್ನು ಟೀಕಿಸಿದ್ದರು.

ಗಿರ್ಮಿಟ್

ಸೃಷ್ಟಿಸಿದವರು ಹೇಳಿದ್ದೆಲ್ಲ ವೇದವಾಕ್ಯವೇ? ಕಂಪನಿಗಳಿಗೆ ತೊಂದರೆಯಾಗಬಾರದು ಎನ್ನುವುದು ಅವರ ಚಿಂತೆ. ನನ್ನದು ಬಳಕೆದಾರನ ಚಿಂತೆ. ನಮ್ಮ ಬಡಾವಣೆಯ ಕೇಬಲ್ ಇಂಟರ್ನೆಟ್‌ನವರು ಹಿಂದೆ ಸಂಜೆಯಾದರೆ ಟೊರೆಂಟ್ ಮಾತ್ರ ಆಮೆಯ ವೇಗಕ್ಕೆ ಇಳಿಸುತ್ತಿದ್ದರು, ವೀಡಿಯೊ ಚೆನ್ನಾಗಿಯೇ ಓಡುತ್ತಿತ್ತು. ರಿಕ್ವೈರ್ ಮಾಡಿದ ಮೇಲೆ ಸರಿಹೋಯಿತು. ಇದು ನನ್ನ ಕಣ್ಣಾರೆ ಕಂಡದ್ದು.

ಪ್ಯಾಕೆಟ್_ಪರಮೇಶಿ

ನಂಬುತ್ತೇನೆ. ಅವರು ಇಟ್ಟಿದ್ದ ಸೋಸುವ ಯಂತ್ರ ಹ್ಯಾಂಡ್‌ಶೇಕ್ ಸಾಲನ್ನಷ್ಟೇ ನೋಡುವಂಥದ್ದಾಗಿರಬೇಕು. ಅಂಥ ಕಡೆ ಈ ಆಯ್ಕೆ ಗೆಲ್ಲುತ್ತದೆ, ಅದಕ್ಕೆಂದೇ ಹುಟ್ಟಿದ್ದು. ಆದರೆ ಸಂಪರ್ಕಗಳ ಸಂಖ್ಯೆ, ಪ್ಯಾಕೆಟ್‌ಗಳ ಗಾತ್ರ, ಹೋಗುವ ಬರುವ ಲಯ ಇವನ್ನು ಅಳೆದು ಊಹಿಸುವ ಯಂತ್ರಗಳೂ ಇವೆ. ಚೀನಾದಲ್ಲಂತೂ 2021ರ ಕೊನೆಯಿಂದ, ಯಾವ ಪ್ರೋಟೋಕಾಲ್ ಎಂದೇ ತಿಳಿಯದ, ಪೂರ್ತಿ ಕಲಸಿದಂತೆ ಕಾಣುವ ಸಂಚಾರವನ್ನು ಅದೇ ಕಾರಣಕ್ಕೆ ತಡೆಯುವುದು ಕಂಡುಬಂದಿತ್ತು. ಗುರುತಿಲ್ಲದಿರುವುದೇ ಅಲ್ಲಿ ಗುರುತಾಯಿತು.

ಕಾನೂನು_ಕಟ್ಟೆ

ನಮ್ಮ ದೇಶದ ಮಾತು ಬಂದದ್ದರಿಂದ ಎರಡು ವಿಷಯ. ಇಂಟರ್ನೆಟ್ ಕಂಪನಿ ಇಂಥ ಸಂಚಾರಕ್ಕೆ ಮಾತ್ರ ವೇಗ ಇಳಿಸುವಂತಿಲ್ಲ ಎಂಬ ತತ್ವವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2017ರ ನವೆಂಬರ್‌ನಲ್ಲಿ ಶಿಫಾರಸು ಮಾಡಿತು, ದೂರಸಂಪರ್ಕ ಇಲಾಖೆ 2018ರ ಜುಲೈನಲ್ಲಿ ಒಪ್ಪಿಕೊಂಡಿತು. ಆದ್ದರಿಂದ ಗಿರ್ಮಿಟ್ ಅವರ ಅನುಭವ ಈಗ ಮರುಕಳಿಸಿದರೆ ದೂರು ಕೊಡಲು ಆಧಾರವಿದೆ. ಫೇರ್ ಯೂಸೇಜ್ ಮಿತಿ ದಾಟಿದಾಗ ಎಲ್ಲದರ ವೇಗವೂ ಇಳಿಯುವುದು ಬೇರೆ ಮಾತು.

ಎರಡನೆಯದು, ಹಕ್ಕುಸ್ವಾಮ್ಯ ಕಾಯ್ದೆ 1957ರ ಸೆಕ್ಷನ್ 63ರ ಪ್ರಕಾರ ತಿಳಿದೂ ತಿಳಿದು ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. 2016ರಲ್ಲಿ ತಡೆಹಿಡಿದ ಪುಟಗಳ ಮೇಲೆ “ನೋಡಿದರೂ ಮೂರು ವರ್ಷ” ಎನ್ನುವ ಅರ್ಥದ ಎಚ್ಚರಿಕೆ ಕಾಣಿಸಿ ದೊಡ್ಡ ಗದ್ದಲವಾಗಿತ್ತು. ನೋಡುವುದಷ್ಟೇ ಅಪರಾಧವಲ್ಲ, ಹಂಚುವುದು ಅಪರಾಧ ಎಂದು ಬಾಂಬೆ ಹೈಕೋರ್ಟ್ ಸ್ಪಷ್ಟಪಡಿಸಿತು. ಟೊರೆಂಟ್‌ನಲ್ಲಿ ತೊಡಕು ಅಲ್ಲೇ ಇದೆ: ಇಳಿಸುತ್ತಿರುವಾಗಲೇ ನೀವು ಹಂಚುತ್ತಲೂ ಇರುತ್ತೀರಿ. ಎನ್‌ಕ್ರಿಪ್ಷನ್ ಇದ್ದರೂ ಇಲ್ಲದಿದ್ದರೂ ಹಂಚಿಕೆ ಹಂಚಿಕೆಯೇ. ಡೆಬಿಯನ್‌ನವರು ಹಂಚಿ ಎಂದೇ ಕೊಟ್ಟಿದ್ದಾರೆ, ಅದರ ಬಗ್ಗೆ ನಿಶ್ಚಿಂತೆಯಿಂದಿರಿ.

ವೇದಿಕೆ ನಿರ್ವಾಹಕ

ಒಳ್ಳೆಯ ಚರ್ಚೆ. ಒಂದು ಕೋರಿಕೆ: ಸಿನಿಮಾ ಎಲ್ಲಿ ಸಿಗುತ್ತದೆ ಎಂಬ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಮತ್ತೆ ಹಾಕಬೇಡಿ.

ಕರಿಮೆಣಸು

ಇಷ್ಟೆಲ್ಲ ಓದಿದ ಮೇಲೆ ಕೇಳುತ್ತೇನೆ, ಅದರ ಪಕ್ಕದಲ್ಲೇ ‘ಅನಾನಿಮಸ್ ಮೋಡ್’ ಎಂದು ಇದೆಯಲ್ಲ, ಅದನ್ನು ಗುರುತು ಮಾಡಿದರೆ ಆಯಿತಲ್ಲ?

ಕಡಲತಡಿ

ಹೆಸರು ನೋಡಿ ಮೋಸಹೋಗಬೇಡಿ ಮಾರಾಯರೇ. ಯಾವ ತಂತ್ರಾಂಶ ಬಳಸುತ್ತಿದ್ದೀರಿ ಎಂಬಂಥ ಗುರುತುಗಳನ್ನು ಅದು ಪಿಯರ್‌ಗಳಿಗೂ ಟ್ರ್ಯಾಕರ್‌ಗೂ ಹೇಳುವುದಿಲ್ಲ. ಐಪಿ ಹಾಗೆಯೇ ಇರುತ್ತದೆ. ಕೆಲವು ಖಾಸಗಿ ಟ್ರ್ಯಾಕರ್‌ಗಳು ತಂತ್ರಾಂಶದ ಹೆಸರು ಕಾಣದಿದ್ದರೆ ಒಳಗೇ ಬಿಡುವುದಿಲ್ಲ.

ಐಪಿ ಬೇರೆ ಕಾಣಬೇಕೆಂದರೆ ಸಾಮಾನ್ಯ ದಾರಿ ವಿಪಿಎನ್, ಅಂದರೆ ನಿಮ್ಮ ಸಂಚಾರವನ್ನು ತನ್ನ ಸರ್ವರ್ ಮೂಲಕ ಹಾಯಿಸುವ ಸೇವೆ. ಆಗಲೂ ನಂಬಿಕೆ ಇಂಟರ್ನೆಟ್ ಕಂಪನಿಯಿಂದ ವಿಪಿಎನ್ ಕಂಪನಿಗೆ ವರ್ಗವಾಗುತ್ತದೆ, ಅಷ್ಟೇ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ವಿಪಿಎನ್ ಕೊಡುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎಂದಿದೆ. ಅದಾದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಇಲ್ಲಿನ ಸರ್ವರ್‌ಗಳನ್ನು ತೆಗೆದವು. ವಿಪಿಎನ್ ಬಳಸುವವರು ಕ್ಯೂಬಿಟ್‌ಟೊರೆಂಟ್‌ನ ಅಡ್ವಾನ್ಸ್‌ಡ್ ಪುಟದಲ್ಲಿ ‘ನೆಟ್‌ವರ್ಕ್ ಇಂಟರ್‌ಫೇಸ್’ ಎಂಬಲ್ಲಿ ವಿಪಿಎನ್ ಇಂಟರ್‌ಫೇಸನ್ನೇ ಆರಿಸಬೇಕು. ಇಲ್ಲದಿದ್ದರೆ ವಿಪಿಎನ್ ಕಡಿದ ಕ್ಷಣ ಮನೆಯ ಐಪಿಯಿಂದ ಓಡತೊಡಗುತ್ತದೆ.

ಹಳೆಯ_ಹುಲಿ

ನಿಮ್ಮ ಐಪಿ, ವಿಪಿಎನ್ ಎಲ್ಲ ಓದುತ್ತಾ ಹಾಸ್ಟೆಲ್ ದಿನಗಳ ಡಿಸಿ++ ಎಂಬ ಕಡತ ಹಂಚುವ ತಂತ್ರಾಂಶ ನೆನಪಾಯಿತು. ಇಡೀ ಹಾಸ್ಟೆಲ್‌ಗೆ ಒಂದು ಹಬ್, ಎಲ್ಲರ ಕಡತಗಳೂ ಎಲ್ಲರಿಗೂ ಬಯಲು. ಇಂತಿಷ್ಟು ಜಿಬಿ ಹಂಚದಿದ್ದರೆ ಹಬ್ ಒಳಗೆ ಬಿಡುತ್ತಿರಲಿಲ್ಲ. ಹಂಚಲು ಏನೂ ಇಲ್ಲದವರು ಅದೇ ಕಡತವನ್ನು ಬೇರೆ ಬೇರೆ ಹೆಸರಿನಲ್ಲಿ ನಕಲು ಮಾಡಿ ಲೆಕ್ಕ ತುಂಬಿಸುತ್ತಿದ್ದರು. ಕಡತದ ಒಳಗಿನದರಿಂದಲೇ ಬೆರಳಚ್ಚಿನಂಥ ಗುರುತು ತೆಗೆಯುವ ಟೈಗರ್ ಟ್ರೀ ಹ್ಯಾಶ್ ಬಂದ ಮೇಲೆ ಒಂದೇ ಕಡತ ಎಂದು ಸಿಕ್ಕಿಬೀಳತೊಡಗಿದರು. ಯಾರ ಕೋಣೆಯ ಯಂತ್ರದಲ್ಲಿ ಏನಿದೆ ಎಂದು ವಾರ್ಡನ್‌ಗೂ ಗೊತ್ತಿತ್ತು, ಅವರೂ ಹಬ್‌ನಲ್ಲಿದ್ದರು.

ಬೆಣ್ಣೆದೋಸೆ

ನಮ್ಮ ಹಾಸ್ಟೆಲ್‌ನಲ್ಲಿ ಸೆಮಿಸ್ಟರ್ ಪರೀಕ್ಷೆಯ ಹಿಂದಿನ ರಾತ್ರಿ ಹಳೆಯ ಪ್ರಶ್ನೆಪತ್ರಿಕೆಗಳ ಫೋಲ್ಡರ್ ಇದ್ದವನೇ ರಾಜ. ಅವನ ಯಂತ್ರಕ್ಕೆ ಸರದಿ ನಿಲ್ಲಬೇಕಿತ್ತು.

ಮಲ್ಲಿಗೆಮೊಗ್ಗು

ಹಳಿ ತಪ್ಪಿತು, ವಾಪಸು ಬನ್ನಿ. ಗಿರ್ಮಿಟ್ ಅವರ ‘ಎಲ್ಲರೂ ರಿಕ್ವೈರ್’ ವಾದಕ್ಕೆ ನನ್ನ ತಕರಾರು ಬೇರೆ. ಇಂಟರ್ನೆಟ್ ಆರ್ಕೈವ್ 2012ರಿಂದ ತನ್ನ ಕಡತಗಳಿಗೆ ಟೊರೆಂಟ್ ಕೊಡುತ್ತಿದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಅಲ್ಲಿ ರಾಶಿ ಇವೆ. ಅಂಥ ಪುಸ್ತಕದ ಟೊರೆಂಟ್‌ಗೆ ಸೀಡ್ ಮಾಡುವವರು, ಅಂದರೆ ಪೂರ್ತಿ ಕಡತ ಇಟ್ಟುಕೊಂಡು ಹಂಚುವವರು, ಒಬ್ಬರಿದ್ದರೆ ಹೆಚ್ಚು. ಆ ಒಬ್ಬರು ಹಳೆಯ ತಂತ್ರಾಂಶ ಇಟ್ಟುಕೊಂಡಿದ್ದರೆ ನೀವು ರಿಕ್ವೈರ್ ಹಾಕಿ ಅವರನ್ನೇ ಹೊರಗಿಟ್ಟಂತಾಯಿತು. ಡೆಬಿಯನ್‌ನಂತಹ ಸಾವಿರ ಜನ ಇರುವಲ್ಲಿ ಅರ್ಧ ಹೋದರೂ ನಡೆಯುತ್ತದೆ. ಬಡ ಟೊರೆಂಟ್‌ಗಳಲ್ಲಿ ನಡೆಯುವುದಿಲ್ಲ.

ಕರಿಮೆಣಸು

ಆರ್ಕೈವ್‌ನ ಟೊರೆಂಟ್ ಹಾಕಿದರೆ ನನಗೆ ಪಿಯರ್ ಒಬ್ಬರೂ ಇಲ್ಲದೆಯೇ ಇಳಿಯುತ್ತದೆಯಲ್ಲ? ಅದು ಹೇಗೆ?

ಮಲ್ಲಿಗೆಮೊಗ್ಗು

ಅದು ವೆಬ್ ಸೀಡ್. ಆರ್ಕೈವ್‌ನ ಸರ್ವರ್‌ನಿಂದಲೇ ನೇರವಾಗಿ ಬರುತ್ತದೆ, ‘ಎಚ್‌ಟಿಟಿಪಿ ಸೋರ್ಸಸ್’ ಟ್ಯಾಬ್‌ನಲ್ಲಿ ಕಾಣುತ್ತದೆ. ಅದಕ್ಕೆ ನಾವು ಮಾತನಾಡುತ್ತಿರುವ ಎನ್‌ಕ್ರಿಪ್ಷನ್ ಅನ್ವಯಿಸುವುದೇ ಇಲ್ಲ. ಆದರೆ ಎಲ್ಲ ಟೊರೆಂಟ್‌ಗಳಿಗೂ ಹಿಂದೆ ಸರ್ವರ್ ಇರುವುದಿಲ್ಲವಲ್ಲ.

ಗಿರ್ಮಿಟ್

ಬಡ ಟೊರೆಂಟ್ ಮಾತು ಒಪ್ಪತಕ್ಕದ್ದೇ. ಆದರೂ ಮೊದಲು ರಿಕ್ವೈರ್ ಇಟ್ಟು, ಇಳಿಯದಿದ್ದರೆ ಅಲೋ ಮಾಡುವುದು ನನ್ನ ಪದ್ಧತಿ. ಅದನ್ನು ಬಿಡುವುದಿಲ್ಲ.

ಪ್ಯಾಕೆಟ್_ಪರಮೇಶಿ

ಬಿಡಬೇಡಿ. ನಿಮ್ಮ ಹಠಕ್ಕೆ ನನ್ನ ಬೆಂಬಲವಿದೆ, ತರ್ಕಕ್ಕೆ ಇಲ್ಲ.

ಜೋಳದರೊಟ್ಟಿ

ಟ್ರಾನ್ಸ್‌ಮಿಷನ್ ಎಂಬ ಇನ್ನೊಂದು ಟೊರೆಂಟ್ ತಂತ್ರಾಂಶ ಬಳಸುವ ಬಡಪಾಯಿಗಳಿಗೂ ಏನಾದರೂ ಹೇಳಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಡೀಮನ್ ಆಗಿ, ಅಂದರೆ ಹಿನ್ನೆಲೆಯಲ್ಲಿ, ಓಡುತ್ತಿದೆ. ಸೆಟ್ಟಿಂಗ್ಸ್ ಕಡತದಲ್ಲಿ ‘ಎನ್‌ಕ್ರಿಪ್ಷನ್’ ಎದುರು 1 ಎಂದಿದೆ. 2 ಮಾಡಿ ಉಳಿಸಿದರೆ ಮತ್ತೆ 1 ಆಗಿಬಿಡುತ್ತದೆ. ದೆವ್ವ ಹೊಕ್ಕಿದೆಯೇ?

ಕಡಲತಡಿ

0 ಎಂದರೆ ಬಯಲಿಗೆ ಆದ್ಯತೆ, 1 ಎಂದರೆ ಗೂಢಕ್ಕೆ ಆದ್ಯತೆ, 2 ಎಂದರೆ ಗೂಢವೇ ಆಗಬೇಕು. ದೆವ್ವ ಇಲ್ಲ. ಡೀಮನ್ ನಿಲ್ಲುವಾಗ ತನ್ನ ನೆನಪಿನಲ್ಲಿರುವ ಬೆಲೆಗಳನ್ನು ಅದೇ ಕಡತದ ಮೇಲೆ ಬರೆದುಬಿಡುತ್ತದೆ. ಮೊದಲು ಡೀಮನ್ ನಿಲ್ಲಿಸಿ, ಆಮೇಲೆ ತಿದ್ದಿ, ಆಮೇಲೆ ಆರಂಭಿಸಿ. ಹಾಗೆ ನೋಡಿದರೆ 1 ಇರುವುದೇ ಒಳ್ಳೆಯದು, ತಿದ್ದುವ ಶ್ರಮವೇ ಬೇಡ.

ಸ್ಟುಟ್‌ಗಾರ್ಟ್_ಕನ್ನಡಿಗ

ಡೆಲ್ಯೂಜ್ ಎಂಬ ಟೊರೆಂಟ್ ತಂತ್ರಾಂಶದಲ್ಲಿ ಇನ್ನೂ ತಮಾಷೆ. ಒಳಬರುವುದಕ್ಕೆ ಬೇರೆ, ಹೊರಹೋಗುವುದಕ್ಕೆ ಬೇರೆ, ಮೇಲಿಂದ ‘ಹ್ಯಾಂಡ್‌ಶೇಕ್’, ‘ಫುಲ್ ಸ್ಟ್ರೀಮ್’, ‘ಐದರ್’ ಎಂದು ಮಟ್ಟ ಬೇರೆ. ಎರಡಕ್ಕೂ ಎನೇಬಲ್ಡ್, ಮಟ್ಟಕ್ಕೆ ಐದರ್ ಇಟ್ಟರೆ ಇಲ್ಲಿ ಹೇಳಿದ ಅಲೋಗೆ ಸಮ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಅಲೋ ಇಟ್ಟಿದ್ದೇನೆ. ಐಪಿವಿ6 ಚಾಲೂ ಮಾಡಿದ ಮೇಲೆ ಫ್ಲ್ಯಾಗ್ಸ್‌ನಲ್ಲಿ ‘ಐ’ ಕಾಣಿಸಿಕೊಂಡಿದೆ, ಅಪ್‌ಲೋಡ್ ಏರುತ್ತಿದೆ. ಭಾವನಿಗೆ ಈ ಚರ್ಚೆಯ ಕೊಂಡಿ ಕಳಿಸಿದೆ, “ಇಷ್ಟು ಉದ್ದ ಯಾರು ಓದುತ್ತಾರೆ” ಎಂದರು. ಒಂದು ಅನುಮಾನ ಉಳಿದಿದೆ: ಬಯಲು ಸಂಪರ್ಕದಲ್ಲಿ ಬಂದ ಚೂರುಗಳನ್ನು ಯಾರಾದರೂ ನಡುವೆ ತಿದ್ದಿ ಕಳಿಸಿದರೆ? ಇಮೇಜ್ ಹಾಳಾಗುವುದಿಲ್ಲವೇ?

ಪ್ಯಾಕೆಟ್_ಪರಮೇಶಿ

ಅದನ್ನು ನೋಡಿಕೊಳ್ಳುವುದು ಎನ್‌ಕ್ರಿಪ್ಷನ್ ಅಲ್ಲ, ಹ್ಯಾಶ್. ಟೊರೆಂಟ್ ಕಡತದಲ್ಲಿ ಪ್ರತಿ ಚೂರಿಗೂ ಎಸ್‌ಎಚ್‌ಎ-1 ಹ್ಯಾಶ್ ಇರುತ್ತದೆ, ಬಿಟ್‌ಟೊರೆಂಟ್ ಎರಡನೆಯ ಆವೃತ್ತಿಯಲ್ಲಿ ಎಸ್‌ಎಚ್‌ಎ-256. ಬಂದ ಚೂರು ತಾಳೆಯಾಗದಿದ್ದರೆ ತಂತ್ರಾಂಶ ಎಸೆದು ಮತ್ತೆ ಕೇಳುತ್ತದೆ. ಆದ್ದರಿಂದ ನೀವು ಎಚ್ಚರವಹಿಸಬೇಕಾದದ್ದು ಟೊರೆಂಟ್ ಕಡತವನ್ನು ಎಲ್ಲಿಂದ ತಂದಿರಿ ಎನ್ನುವುದರಲ್ಲಿ. ಡೆಬಿಯನ್‌ನ ಅಧಿಕೃತ ತಾಣದಿಂದಲೇ ತನ್ನಿ. ಅಲ್ಲೇ ಎಸ್‌ಎಚ್‌ಎ-256, ಎಸ್‌ಎಚ್‌ಎ-512 ಮೊತ್ತಗಳ ಪಟ್ಟಿಯೂ ಅದರ ಸಹಿ ಕಡತವೂ ಇದೆ. ಇಳಿದ ಮೇಲೆ ಒಮ್ಮೆ ತಾಳೆ ನೋಡಿ.

ಅಡಿಕೆತೋಟ

ತಡವಾಗಿ ಬಂದೆ, ಕ್ಷಮಿಸಿ. ನನ್ನದು ಬೇರೆ ಅಗತ್ಯ. ಪುತ್ತೂರಿನಲ್ಲಿ ನಾವು ಕೆಲವರು ತಾಳಮದ್ದಳೆಯ ಧ್ವನಿಮುದ್ರಣ ಮಾಡುತ್ತೇವೆ, ಕಲಾವಿದರು ಒಪ್ಪಿದ ಮೇಲಷ್ಟೇ ಹೊರಗೆ ಬಿಡುತ್ತೇವೆ. ಅಲ್ಲಿಯವರೆಗೆ ಬೆಂಗಳೂರಿನಲ್ಲಿರುವ ನಮ್ಮವರೊಬ್ಬರ ಜೊತೆ ಮಾತ್ರ ಹಂಚಿಕೊಳ್ಳಬೇಕು. ಖಾಸಗಿ ಟೊರೆಂಟ್ ಮಾಡಿ ರಿಕ್ವೈರ್ ಇಟ್ಟರೆ ಸಾಕೇ?

ಮಲ್ಲಿಗೆಮೊಗ್ಗು

ಟೊರೆಂಟ್ ಬೇಡ ಅಣ್ಣಾ. ಸಾಧನಗಳ ನಡುವೆ ಕಡತಗಳನ್ನು ಹಂಚಿಡುವ ಸಿಂಕ್‌ಥಿಂಗ್ ತಂತ್ರಾಂಶ ನೋಡಿ. ಅದೂ ಪಿಯರ್-ಟು-ಪಿಯರ್, ಆದರೆ ಅಲ್ಲಿ ಎನ್‌ಕ್ರಿಪ್ಷನ್‌ಗೆ ಆಯ್ಕೆಯೇ ಇಲ್ಲ, ಸಾಧನಗಳ ನಡುವೆ ಯಾವಾಗಲೂ ಟಿಎಲ್‌ಎಸ್. ಪ್ರತಿ ಸಾಧನಕ್ಕೂ ಅದರ ಪ್ರಮಾಣಪತ್ರದ ಎಸ್‌ಎಚ್‌ಎ-256 ಹ್ಯಾಶ್‌ನಿಂದ ಹುಟ್ಟಿದ ಐಡಿ ಇರುತ್ತದೆ, ಏಳೇಳು ಅಕ್ಷರಗಳ ಎಂಟು ಗುಂಪು. ಎರಡೂ ಕಡೆಯವರು ಪರಸ್ಪರರ ಐಡಿ ಸೇರಿಸಿಕೊಂಡರೆ ಮಾತ್ರ ಸಂಪರ್ಕ. ಇಲ್ಲಿ ಎದುರಿಗಿರುವವರು ಯಾರೆಂಬುದೂ ಖಚಿತ.

ಅಡಿಕೆತೋಟ

ನಮ್ಮದೂ 100.64ರ ಪೈಕಿಯೇ. ಆಗ ನಡೆಯುತ್ತದೆಯೇ?

ಮಲ್ಲಿಗೆಮೊಗ್ಗು

ನಡೆಯುತ್ತದೆ. ನೇರ ಸಂಪರ್ಕ ಆಗದಿದ್ದರೆ ರಿಲೇ ಎಂಬ ನಡುವಿನ ಸರ್ವರ್ ಮೂಲಕ ಹೋಗುತ್ತದೆ. ರಿಲೇ ನಡೆಸುವವರಿಗೆ ಒಳಗಿನದನ್ನು ಓದಲು ಆಗುವುದಿಲ್ಲ, ಆದರೆ ವೇಗ ಕಡಿಮೆ. ಬೆಂಗಳೂರಿನವರಿಗೆ ಸಾರ್ವಜನಿಕ ಐಪಿ ಇದ್ದರೆ ಅವರ ರೌಟರ್‌ನಲ್ಲಿ 22000 ಪೋರ್ಟ್ ತೆರೆಯಲು ಹೇಳಿ, ಟಿಸಿಪಿ, ಯುಡಿಪಿ ಎರಡನ್ನೂ. ಒಂದು ಕಡೆ ತೆರೆದಿದ್ದರೆ ಸಾಕು.

ಅಡಿಕೆತೋಟ

ಅವರ ರೌಟರ್ ಪಾಸ್‌ವರ್ಡ್ ಅವರ ಮಗನ ಹತ್ತಿರ ಇದೆಯಂತೆ, ಮಗ ಪುಣೆಯಲ್ಲಿದ್ದಾನೆ. ಭಾನುವಾರ ಕರೆ ಮಾಡಿಸುತ್ತೇನೆ.